ಮೋಯಪಡಿಮೆಯಲ್ಲಿ ಮೂತ್ರವಿವೇಚನೆ

ಶ್ವೇತಾಂಬರ ಛೇದಸೂತ್ರಗಳಲ್ಲೊಂದಾದ ವ್ಯವಹಾರಸೂತ್ರದ ಒಂಬತ್ತನೆಯ ಉದ್ದೇಶಕದಲ್ಲಿ ಕ್ಷುದ್ರಿಕಾ ಮತ್ತು ಮಹತೀ ಎಂಬ ಎರಡು ಮೋಯಪಡಿಮೆಗಳು ವಿಹಿತವಾಗಿವೆ. 'ಮೋಯ'ವೆಂದರೆ ಮೂತ್ರ. ಶರತ್ತಿನ ಆದಿಯಲ್ಲಾಗಲಿ ಗ್ರೀಷ್ಮದ ಅಂತ್ಯದಲ್ಲಾಗಲಿ ಮುನಿಯು ಊರ ಹೊರಗಿದ್ದು, ಉಪವಾಸದೊಡನೆ ಸ್ವಮೂತ್ರವನ್ನು ಸೇವಿಸುವ ದುಷ್ಕರ ವ್ರತವಿದು. ಉಂಡು ತೊಡಗಿದರೆ ಕ್ಷುದ್ರಿಕೆಯು ಆರು ಉಪವಾಸಗಳಿಗೂ, ಉಣ್ಣದೆ ತೊಡಗಿದರೆ ಏಳಕ್ಕೂ ಮುಗಿಯುತ್ತದೆ. ಮಹತಿಗೆ ಒಂದೊಂದು ಹೆಚ್ಚು.

ವಿಚಾರಾರ್ಹವಾದುದು ವ್ರತದ ಕಾಠಿಣ್ಯವಲ್ಲ, ಅದರಲ್ಲಿನ ನಿಷೇಧಗಳು. ಹಗಲು ಬಂದದ್ದು ಗ್ರಾಹ್ಯ, ಇರುಳು ಬಂದದ್ದು ತ್ಯಾಜ್ಯ. ಹಗಲಿನದರಲ್ಲಿಯೂ ಸಪಾಣ (ಜೀವಸಹಿತ), ಸಬೀಯ (ವೀರ್ಯಸಹಿತ), ಸಸಿಣಿದ್ಧ (ಸ್ನಿಗ್ಧ), ಸಸರಕ್ಖ (ರಜಃಸಹಿತ) ಎಂಬ ನಾಲ್ಕು ಬಗೆ ತ್ಯಾಜ್ಯ.

ಈ ಪಟ್ಟಿಯನ್ನು ಕಂಡೊಡನೆ ಚರಕನ ಪ್ರಮೇಹಪ್ರಕರಣ ನೆನಪಾಗುವುದು ಸಹಜ. ಕಫಜ 10, ಪಿತ್ತಜ 6, ವಾತಜ 4, ಒಟ್ಟು 20 ಮೇಹಗಳಲ್ಲಿ ಸಿಕತಾಮೇಹ, ಶುಕ್ರಮೇಹ, ವಸಾಮೇಹಗಳಿವೆ. ಮರಳು, ಶುಕ್ರ, ಕೊಬ್ಬು ಇವು ಸೂತ್ರದ ಮೂರು ಪದಗಳಿಗೆ ಹೊಂದಿಕೊಳ್ಳುವಂತೆಯೇ ತೋರುತ್ತವೆ. ಆದರೆ ಇಷ್ಟರಿಂದಲೇ ಸೂತ್ರಕಾರನು ರೋಗನಿದಾನವನ್ನು ಹೇಳಿದನೆನ್ನುವುದು ಅವಸರದ ತೀರ್ಮಾನ. ಸಸಿಣಿದ್ಧ, ಸಸರಕ್ಖ ಎಂಬ ಇದೇ ಜೋಡಿ ದಶವೈಕಾಲಿಕದ ಪಿಂಡೈಷಣೆಯಲ್ಲಿ ಅನ್ನ ನೀಡುವವರ ಕೈಗೆ ವಿಶೇಷಣವಾಗಿ ಬಂದಿದೆ. ಅಲ್ಲಿ ಅರ್ಥ ತೇವವುಳ್ಳದ್ದು, ಸಚಿತ್ತ ಧೂಳುಳ್ಳದ್ದು ಎಂದು. ರಾತ್ರಿನಿಷೇಧವೂ ರಾತ್ರಿಭೋಜನತ್ಯಾಗದ ಛಾಯೆಯೇ. ಮೂತ್ರವು ಇಲ್ಲಿ ಆಹಾರದ ಸ್ಥಾನದಲ್ಲಿದೆ. ಆದುದರಿಂದ ಆಹಾರದ ದೋಷಗಳೇ ಅದಕ್ಕೂ ಅನ್ವಯಿಸಿವೆ. ಪರಿಭಾಷೆ ಮುನಿಯದು, ವೈದ್ಯನದಲ್ಲ.

ಆದರೂ ಪಾತ್ರೆಯೊಳಗಿನದನ್ನು ನಿಟ್ಟಿಸಿ ನೋಡದೆ ಇಂಥ ವಿಭಾಗ ಹುಟ್ಟಲಾರದು. ಮೂತ್ರದಲ್ಲಿ ಸುಮಾರು ಶೇಕಡಾ 95 ಭಾಗ ನೀರು. ಕರಗಿದವುಗಳಲ್ಲಿ ಯೂರಿಯ ಅಧಿಕ, ಬಳಿಕ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ, ಕ್ರಿಯಾಟಿನಿನ್, ಯೂರಿಕ್ ಆಮ್ಲ ಮೊದಲಾದವು. ಇವು ಕರಗಿರುವವರೆಗೆ ಕಣ್ಣಿಗೆ ಕಾಣವು. ನೀರು ಕಡಮೆಯಾದಾಗ ಯೂರಿಕ್ ಆಮ್ಲ, ಆಕ್ಸಲೇಟುಗಳು ಹರಳುಗಟ್ಟಿ ರಜದಂತೆ ತಳದಲ್ಲಿ ನಿಲ್ಲುತ್ತವೆ. ನೀರಿಲ್ಲದ ಉಪವಾಸದಲ್ಲಿ ಇದು ಇನ್ನೂ ಸಂಭಾವ್ಯ. ಆನೆಕಾಲಿನ ಹುಳುವಿನ ಬಾಧೆಯಲ್ಲಿ ರಸಧಾತು ಬೆರೆತು ಮೂತ್ರ ಹಾಲಿನಂತಾಗುವುದೂ ಉಂಟು. ಮಾಧುರ್ಯ ಮಾತ್ರ ಕಣ್ಣಿಗೆ ಬೀಳುವಂಥದಲ್ಲ. ಮಧುಮೇಹವನ್ನು ವೈದ್ಯರು ಇರುವೆ ಮುತ್ತುವುದರಿಂದ ಅರಿತರು. ಅದು ಸಕ್ಕರೆಯೇ ಎಂದು ಮ್ಯಾಥ್ಯೂ ಡಾಬ್ಸನ್ ತೋರಿಸಿದ್ದು 1776ರಲ್ಲಿ. ಸೂತ್ರದಲ್ಲಿ ಮಾಧುರ್ಯದ ಮಾತೇ ಇಲ್ಲ. ರೋಗಲಕ್ಷಣವೇ ಉದ್ದಿಷ್ಟವಾಗಿದ್ದರೆ, ಕುಡಿಯುವವನಿಗೆ ಮೊದಲು ತಿಳಿಯುವ ಈ ಲಕ್ಷಣವನ್ನು ಬಿಡುತ್ತಿರಲಿಲ್ಲ.

ಜೈನರ ವೈದ್ಯದೃಷ್ಟಿಯನ್ನು ಅರಸುವವರು ಒಂಬತ್ತನೆಯ ಶತಮಾನದ ಉಗ್ರಾದಿತ್ಯನ ಕಲ್ಯಾಣಕಾರಕಕ್ಕೆ ಹೋಗಬೇಕು. ಪ್ರಮೇಹಕ್ಕೆ ಜೇನು ಸಂಹಿತೆಗಳ ಪ್ರಧಾನ ದ್ರವ್ಯ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಆಚಾರ್ಯನಿಗೆ ಈ ರೋಗದ ಚಿಕಿತ್ಸೆ ನಿಜವಾದ ಪರೀಕ್ಷೆಯೇ ಆಗಿದ್ದಿರಬೇಕು. 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಆ ಗ್ರಂಥದ ಪ್ರಮೇಹಭಾಗವನ್ನು ಸಂಹಿತೆಗಳೊಡನೆ ಪದಶಃ ಹೋಲಿಸುವ ಕಾರ್ಯ ಪಂಡಿತರ ಕೈಸೇರಬೇಕಾಗಿದೆ. ಮೋಯಪಡಿಮೆಯನ್ನು ಅನುವಾದಿಸುವವರಾದರೋ 'ಸಸರಕ್ಖ'ಕ್ಕೆ ಸಿಕತಾಮೇಹವೆಂದು ಬರೆಯುವ ಮುನ್ನ ಪಿಂಡೈಷಣೆಯನ್ನೊಮ್ಮೆ ತೆರೆದು ನೋಡುವುದು ಒಳಿತು.