‘ನಮ್ಮ’ ಅನುದಿನದ ಆಹಾರ: ಆದಿ ಧರ್ಮಸಭೆಯ ಕೆಲವು ಪುಟಗಳು

ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ ಆಹಾರಕ್ಕಾಗಿ ಬೇಡುವ ಮಾತು ಬಹಳ ಚಿಕ್ಕದು. ಆದರೆ ಅದರಲ್ಲಿರುವ ಒಂದು ಪದ ವಿದ್ವಾಂಸರನ್ನು ಶತಮಾನಗಳಿಂದ ಕಾಡುತ್ತ ಬಂದಿದೆ. ನಾವು ‘ಅನುದಿನದ’ ಎನ್ನುವೆಡೆ ಗ್ರೀಕ್ ಮೂಲದಲ್ಲಿರುವ ಪದ ‘ಎಪಿಊಸಿಯೊಸ್’. ಗ್ರೀಕ್ ಭಾಷೆಯಲ್ಲೇ ಆಲೋಚಿಸಿ ಬರೆದ ಮೂರನೆಯ ಶತಮಾನದ ಒರಿಜೆನ್ ಅವರು, ಈ ಪದವನ್ನು ಪಂಡಿತರ ಬರಹದಲ್ಲಾಗಲಿ ಜನಸಾಮಾನ್ಯರ ಮಾತಿನಲ್ಲಾಗಲಿ ಬೇರೆಲ್ಲೂ ಕಾಣೆನೆಂದೂ ಇದು ಶುಭಸಂದೇಶಕಾರರೇ ರೂಪಿಸಿದ ಪದವಿರಬೇಕೆಂದೂ ಬರೆದರು. ಲತೀನಿಗೆ ಅನುವಾದಿಸಿದ ಸಂತ ಜೆರೋಮರಂತೂ ಇದೇ ಪದಕ್ಕೆ ಲೂಕನ ಶುಭಸಂದೇಶದಲ್ಲಿ ‘ದಿನನಿತ್ಯದ’ ಎಂಬ ಅರ್ಥವನ್ನೂ ಮತ್ತಾಯನ ಶುಭಸಂದೇಶದಲ್ಲಿ ‘ಸಾಮಾನ್ಯ ವಸ್ತುವನ್ನು ಮೀರಿದ’ ಎಂಬ ಅರ್ಥವನ್ನೂ ಕೊಟ್ಟರು. ನಾಳೆಯ ಆಹಾರ ಎಂದು ಅರ್ಥೈಸಿದವರೂ ಇದ್ದಾರೆ.

ಈ ಚರ್ಚೆ ವಿದ್ವಾಂಸರಿಗಿರಲಿ. ಅದೇ ಸಾಲಿನಲ್ಲಿ ಯಾವ ಪಂಡಿತನಿಗೂ ತೊಡಕಾಗದ ಇನ್ನೊಂದು ಪದವಿದೆ. ಅದು ‘ನಮ್ಮ’. ‘ನನ್ನ’ ಎಂಬ ಮಾತು ಆ ಇಡೀ ಪ್ರಾರ್ಥನೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಮರುಭೂಮಿಯಲ್ಲಿ ಮನ್ನವನ್ನು ಕೂಡಿಸಿದ ಇಸ್ರಯೇಲರು ಅಂದಂದಿನದನ್ನು ಅಂದಂದೇ ಉಣ್ಣಬೇಕಾಗಿತ್ತು; ಮರುದಿನಕ್ಕೆಂದು ಬಚ್ಚಿಟ್ಟದ್ದು ಹುಳಬಿದ್ದು ನಾರಿತು ಎಂಬುದು ನಮಗೆಲ್ಲ ನೆನಪಿರುವ ಸಂಗತಿ. ಆದರೆ ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ ಎಂಬ ಮಾತೂ ಅದೇ ಅಧ್ಯಾಯದಲ್ಲಿದೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬಡವರಿಗಾಗಿ ಕಾಣಿಕೆ ಎತ್ತಲು ಹೇಳಿದಾಗ ಎತ್ತಿ ತೋರಿಸಿದ್ದು ಆ ಮಾತನ್ನೇ.

ಹಾಗೆಂದು ಆದಿ ಧರ್ಮಸಭೆಯ ಚಿತ್ರವನ್ನು ಬಣ್ಣ ಹಚ್ಚಿ ಬರೆಯಬೇಕಾಗಿಲ್ಲ. ಜೆರುಸಲೇಮಿನ ಸಭೆಯೊಳಗೆ ಎದ್ದ ಮೊದಲ ಗೊಣಗಾಟವೇ ಊಟದ ವಿಷಯದ್ದು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ದೂರಿದರು. ಪ್ರೇಷಿತರು ಆ ದೂರನ್ನು ತಳ್ಳಿಹಾಕಲಿಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು ಎಂಬುದನ್ನು ಗಮನಿಸಬೇಕು. ಅಂದರೆ ಬಡಿಸುವ ಸೌಟನ್ನು ದೂರಿದವರ ಕೈಗೇ ಕೊಟ್ಟಂತೆ ತೋರುತ್ತದೆ. ಪವಿತ್ರ ಗ್ರಂಥ ಈ ಜಗಳವನ್ನು ಮುಚ್ಚಿಡದೆ ಹೇಳಿರುವುದು ನನಗೆ ಅತ್ಯಂತ ಸಮಾಧಾನದ ವಿಷಯ. ದೇವರು ದಿನದ ಅನ್ನವನ್ನು ಕೊಡುತ್ತಾನೆಂಬ ನಂಬಿಕೆ ಅಂದೂ ಯಾರೋ ಕೆಲವರ ಕೈಗಳ ಮೂಲಕವೇ ನಿಜವಾಗಬೇಕಿತ್ತು, ಮತ್ತು ಆ ಕೈಗಳು ಕೆಲವೊಮ್ಮೆ ತಪ್ಪುತ್ತಿದ್ದವು.

1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಗ್ರಂಥಾಲಯವೊಂದರಲ್ಲಿ ಬ್ರಿಯೆನ್ನಿಯೊಸ್ ಎಂಬ ಧರ್ಮಾಧಿಕಾರಿಗೆ ಹಳೆಯ ಹಸ್ತಪ್ರತಿಯೊಂದು ದೊರಕಿತು. ‘ದಿದಖೆ’, ಅಂದರೆ ‘ಬೋಧನೆ’, ಎಂಬ ಕಿರುಹೊತ್ತಿಗೆ ಅದರಲ್ಲಿತ್ತು, 1883ರಲ್ಲಿ ಅಚ್ಚಾಯಿತು. ಮೊದಲನೆಯ ಶತಮಾನದ ಕೊನೆಯ ಹೊತ್ತಿಗೆ ರಚಿತವಾಗಿರಬಹುದಾದ ಈ ಹೊತ್ತಿಗೆ, ಪ್ರಭು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ವಿಧಿಸುತ್ತದೆ. ಅದೇ ಹೊತ್ತಿಗೆಯಲ್ಲಿ ಊರಿಗೆ ಬರುವ ಅತಿಥಿಗಳ ಕುರಿತ ಕಟ್ಟಳೆಗಳೂ ಇವೆ. ಸಂಚಾರಿ ಬೋಧಕನು ಹೊರಡುವಾಗ ಮುಂದಿನ ತಂಗುದಾಣ ಸೇರುವವರೆಗೆ ಸಾಕಾಗುವಷ್ಟು ರೊಟ್ಟಿಯನ್ನಲ್ಲದೆ ಬೇರೇನನ್ನೂ ಒಯ್ಯಬಾರದು; ಹಣ ಕೇಳಿದನೆಂದರೆ ಅವನು ಸುಳ್ಳು ಪ್ರವಾದಿ. ಬಡ ದಾರಿಹೋಕನಿಗೆ ಎರಡು ಮೂರು ದಿನ ಊಟ ವಸತಿ ಕೊಡಬೇಕು. ಅಲ್ಲೇ ನೆಲೆಸುವ ಇಚ್ಛೆಯಿದ್ದು ಕಸಬು ಬಲ್ಲವನಾದರೆ ದುಡಿದು ಉಣ್ಣಲಿ. ಕಸಬು ಇಲ್ಲದವನಾದರೆ? ಅವನು ತಮ್ಮ ನಡುವೆ ಸೋಮಾರಿಯಾಗದೆ ಬಾಳುವ ದಾರಿಯನ್ನು ಸಭೆಯವರೇ ಯೋಚಿಸಿ ಕಾಣಬೇಕು. ಊಟ ಹಾಕಿ ಕಳುಹಿಸುವುದು ದಾನ. ‘ನಮ್ಮ ನಡುವೆ ಇವನು ಹೇಗೆ ಬಾಳಿಯಾನು’ ಎಂದು ಕೂತು ಯೋಚಿಸುವುದು ಅದಕ್ಕಿಂತ ಕಷ್ಟದ ಕೆಲಸ.

ಕೊಡುವವರಾದರೂ ಉಳ್ಳವರಾಗಿದ್ದರೇ? ಎಲ್ಲರೂ ಅಲ್ಲ. ಎರಡನೆಯ ಶತಮಾನದಲ್ಲಿ ಅಥೆನ್ಸಿನ ತತ್ವಜ್ಞಾನಿ ಅರಿಸ್ತೀದೆಸ್ ರೋಮನ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಒಂದು ಅರಿಕೆಯನ್ನು ಬರೆದರು. ಇದರ ಸಿರಿಯ ಭಾಷೆಯ ಪ್ರತಿ ಸಿನಾಯ್ ಬೆಟ್ಟದ ಬುಡದ ಸಂತ ಕ್ಯಾಥರೀನಳ ಮಠದಲ್ಲಿ 1889ರಲ್ಲಿ ಸಿಕ್ಕಿತು. ತಮ್ಮಲ್ಲಿ ಒಬ್ಬ ಬಡವನಿದ್ದು, ಅವನಿಗೆ ಕೊಡಲು ತಮ್ಮ ಬಳಿ ಹೆಚ್ಚಿನದೇನೂ ಇಲ್ಲದಿದ್ದರೆ, ಕ್ರೈಸ್ತರು ಎರಡು ಮೂರು ದಿನ ಉಪವಾಸವಿದ್ದು ಅವನಿಗೆ ಬೇಕಾದ ಆಹಾರವನ್ನು ಒದಗಿಸುತ್ತಾರೆ ಎಂದು ಅವರು ಚಕ್ರವರ್ತಿಗೆ ತಿಳಿಸುತ್ತಾರೆ. ರೋಮಿನಲ್ಲಿ ಅದೇ ಶತಮಾನದಲ್ಲಿ ಬರೆದ ‘ಹೆರ್ಮಾಸನ ಕುರಿಗಾಹಿ’ ಎಂಬ ಕೃತಿಯೂ, ಉಪವಾಸದ ದಿನ ಉಣ್ಣದೆ ಬಿಟ್ಟ ಊಟದ ಬೆಲೆಯನ್ನು ಲೆಕ್ಕಹಾಕಿ ವಿಧವೆಗೋ ಅನಾಥನಿಗೋ ಕೊಡಬೇಕೆನ್ನುತ್ತದೆ. ತಪಸ್ಸುಕಾಲದಲ್ಲಿ ಮನೆಯ ಮಕ್ಕಳು ಉಳಿಸಿ ಕಾಣಿಕೆ ಪೆಟ್ಟಿಗೆಗೆ ಹಾಕುವ ನಾಣ್ಯಗಳ ವಂಶಾವಳಿ ಅಷ್ಟು ಹಳೆಯದು. ನಮ್ಮ ದೇಶದ ಮಿಜೋರಾಮಿನಲ್ಲಿ ಕಳೆದ ಶತಮಾನದ ಆರಂಭದಿಂದ ಕ್ರೈಸ್ತ ಗೃಹಿಣಿಯರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಸಭೆಗೆಂದು ಬೇರೆ ಇಡುತ್ತ ಬಂದಿರುವುದೂ ಈ ಮನೆತನಕ್ಕೇ ಸೇರಿದ್ದು.

ಇವು ಬಿಡಿ ಬಿಡಿ ಸತ್ಕಾರ್ಯಗಳಾಗಿ ಉಳಿಯದೆ ವ್ಯವಸ್ಥೆಯಾಗಿಯೂ ಬೆಳೆದವು. ಸುಮಾರು 155ರಲ್ಲಿ ರೋಮಿನಲ್ಲಿ ಸಂತ ಜಸ್ಟಿನರು ಭಾನುವಾರದ ಬಲಿಪೂಜೆಯನ್ನು ವರ್ಣಿಸುತ್ತ, ಪರಮ ಪ್ರಸಾದವನ್ನು ಬಾರದವರ ಮನೆಗೆ ಸೇವಾದರ್ಶಿಗಳು ಒಯ್ಯುತ್ತಿದ್ದರೆಂದೂ, ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದವರಿಗೆ ಸಲ್ಲುತ್ತಿತ್ತೆಂದೂ ಹೇಳುತ್ತಾರೆ. 251ರಲ್ಲಿ ಪೋಪ್ ಕೊರ್ನೇಲಿಯುಸರು ಬರೆದ ಪತ್ರವೊಂದರ ಪ್ರಕಾರ ರೋಮಿನ ಧರ್ಮಸಭೆಯಲ್ಲಿ 46 ಗುರುಗಳು, 7 ಸೇವಾದರ್ಶಿಗಳು ಇದ್ದರು. ಸಭೆ ಪೋಷಿಸುತ್ತಿದ್ದ ವಿಧವೆಯರು ಮತ್ತು ದಿಕ್ಕಿಲ್ಲದವರು 1500ಕ್ಕೂ ಹೆಚ್ಚು. ಆಗ ಧರ್ಮಸಭೆಗೆ ಕಾನೂನಿನ ರಕ್ಷಣೆಯೇ ಇರಲಿಲ್ಲ. ಹಿಂದಿನ ವರ್ಷವಷ್ಟೇ ಪೋಪ್ ಫಾಬಿಯನರು ರಕ್ತಸಾಕ್ಷಿಯಾಗಿದ್ದರು.

ಆ ಕಾಲದ ಒಂದು ದಾಖಲೆಯನ್ನು ಓದುವಾಗ ಮನಸ್ಸು ತಡೆದು ನಿಲ್ಲುತ್ತದೆ. ಅದನ್ನು ಬರೆದವರು ವಿಶ್ವಾಸಿಗಳಲ್ಲ, ಸರ್ಕಾರಿ ನೌಕರರು. 303ರ ಮೇ 19ರಂದು, ಡಯೊಕ್ಲೇಷಿಯನ್ ಚಕ್ರವರ್ತಿಯ ಹಿಂಸಾಕಾಲದಲ್ಲಿ, ಉತ್ತರ ಆಫ್ರಿಕದ ಸಿರ್ತಾ ನಗರದ (ಇಂದಿನ ಅಲ್ಜೀರಿಯದ ಕಾನ್‌ಸ್ಟಾಂಟೀನ್) ಅಧಿಕಾರಿ ಮುನಾತಿಯುಸ್ ಫೆಲಿಕ್ಸನು ಕ್ರೈಸ್ತರು ಕೂಡುತ್ತಿದ್ದ ಮನೆಗೆ ಜಪ್ತಿಗೆ ಬಂದನು. ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಲಾಯಿತು. ಚಿನ್ನದ ಪಾತ್ರೆ 2, ಬೆಳ್ಳಿಯ ಪಾತ್ರೆ 6, ಕೆಲವು ದೀಪಗಳು. ಆಮೇಲೆ ಬರುವುದು ಬಟ್ಟೆಬರೆ. ಹೆಂಗಸರ ನಿಲುವಂಗಿ 82, ತಲೆಯ ಮುಸುಕು 38, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರ ಪಾದರಕ್ಷೆ 47 ಜೊತೆ. ಊಟದ ಕೋಣೆಯಲ್ಲಿ ನಾಲ್ಕು ದೊಡ್ಡ ಹರವಿ, ಆರು ಜಾಡಿ. ಈ ಬಟ್ಟೆಗಳು ಬಡವರಿಗೆ ಹಂಚಲು ಇಟ್ಟವಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಹೆಂಗಸರ ಬಟ್ಟೆಯೇ ಅಷ್ಟೊಂದು ಇದ್ದುದನ್ನು ನೋಡಿದರೆ ಜೆರುಸಲೇಮಿನ ವಿಧವೆಯರು ನೆನಪಾಗದಿರರು. ಆ 47 ಜೊತೆ ಪಾದರಕ್ಷೆಗಳನ್ನು ತೊಡಬೇಕಾಗಿದ್ದವರ ಹೆಸರು ಇತಿಹಾಸದಲ್ಲಿಲ್ಲ.

ಇದೇ ಸಿರ್ತಾದ ಕಥೆಗೆ ಕಹಿಯಾದ ಇನ್ನೊಂದು ಅಧ್ಯಾಯವೂ ಇದೆ. 320ರಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಸಿಲ್ವಾನುಸನ ಮೇಲೆ ವಿಚಾರಣೆ ನಡೆದಾಗ, ಲುಚಿಲ್ಲಾ ಎಂಬ ಸಿರಿವಂತ ಮಹಿಳೆ ಕೊಟ್ಟ ಹಣದ ವಿಷಯ ಎದ್ದಿತು. ಅದು ಧರ್ಮಾಧ್ಯಕ್ಷರ ನಡುವೆಯೇ ಹಂಚಿಹೋಯಿತು, ಬಡವರಿಗೆ ತಲಪಲಿಲ್ಲ ಎಂದು ಸಾಕ್ಷಿಗಳು ನುಡಿದರು. ಮನ್ನವನ್ನು ಬಚ್ಚಿಟ್ಟವರ ಸಂತತಿ ಸಭೆಯೊಳಗೂ ಇತ್ತು.

ಆದರೂ ಹೊರಗಿನವರ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಬೇರೆಯೇ ಚಿತ್ರ. ಕ್ರೈಸ್ತ ಧರ್ಮವನ್ನು ತೊರೆದು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿಹಿಡಿಯಲು ಹೊರಟ ಚಕ್ರವರ್ತಿ ಜೂಲಿಯನ್ 362ರಲ್ಲಿ ಗಲಾತ್ಯದ ಮುಖ್ಯ ಪೂಜಾರಿಗೆ ಪತ್ರ ಬರೆದು, ಆ ‘ಗಲಿಲೇಯದವರು’ ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮವರನ್ನೂ ಸಾಕುತ್ತಿರುವುದು ನಾಚಿಕೆಗೇಡು ಎಂದು ಹಲುಬಿದನು. ಆ ಪ್ರಾಂತ್ಯಕ್ಕೆ ವರ್ಷಕ್ಕೆ 30,000 ಮೋದಿ ಅಳತೆಯ ಧಾನ್ಯವನ್ನೂ ಮಂಜೂರು ಮಾಡಿದನು. ವಿರೋಧಿಯೇ ಬರೆದುಕೊಟ್ಟ ಇಂಥ ಪ್ರಮಾಣಪತ್ರ ಇತಿಹಾಸದಲ್ಲಿ ಅಪರೂಪ.

ಹಾಗೆ ಅನ್ನ ಉಂಡ ಹೊರಗಿನವರಲ್ಲಿ ಒಬ್ಬನ ಹೆಸರು ನಮಗೆ ಗೊತ್ತು. ಜೂಲಿಯನ್‌ಗಿಂತ ಅರ್ಧ ಶತಮಾನ ಹಿಂದೆ, ಸುಮಾರು 312ರಲ್ಲಿ, ಮೇಲಣ ಈಜಿಪ್ಟಿನ ಇಪ್ಪತ್ತರ ಹರೆಯದ ಯುವಕನೊಬ್ಬನನ್ನು ಬಲವಂತವಾಗಿ ಸೈನ್ಯಕ್ಕೆ ಹಿಡಿದೊಯ್ದರು. ಕ್ರೈಸ್ತರ ಪರಿಚಯವೇ ಇಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವನು. ದೋಣಿಯಲ್ಲಿ ನೈಲ್ ನದಿಯ ಮೇಲೆ ಸಾಗಿಸುತ್ತಿದ್ದ ಈ ಹುಡುಗರನ್ನು ಓಡಿಹೋಗದಂತೆ ಪಟ್ಟಣವೊಂದರ ಸೆರೆಮನೆಯಲ್ಲಿ ಕೂಡಿಹಾಕಿದರು. ಸಂಜೆ ಊರಿನ ಕೆಲವರು ಬಂದು, ದುಃಖದಲ್ಲಿದ್ದ ಅವರಿಗೆ ಊಟ ತಂದು ಕೊಟ್ಟು, ತಿನ್ನುವಂತೆ ಒತ್ತಾಯ ಮಾಡಿದರು. ನಮ್ಮನ್ನು ಅರಿಯದ ಇವರು ಹೀಗೇಕೆ ಮಾಡುತ್ತಾರೆ ಎಂದು ಯುವಕ ಕೇಳಿದನು. ಅವರು ಕ್ರೈಸ್ತರು, ಅಪರಿಚಿತರಿಗೂ ಒಳ್ಳೆಯದನ್ನೇ ಮಾಡುತ್ತಾರೆ ಎಂಬ ಉತ್ತರ ಬಂದಿತು. ಆ ರಾತ್ರಿ ಸೆರೆಯ ಮೂಲೆಯಲ್ಲಿ ಅವನು ಆ ಅರಿಯದ ದೇವರಿಗೆ ಪ್ರಾರ್ಥಿಸಿ, ಬಿಡುಗಡೆಯಾದರೆ ತಾನೂ ಮನುಷ್ಯರ ಸೇವೆ ಮಾಡುವೆನೆಂದು ಮಾತು ಕೊಟ್ಟನು.

ಯುದ್ಧ ಮುಗಿಯಿತು, ಅವನಿಗೆ ಬಿಡುಗಡೆಯಾಯಿತು. ದೀಕ್ಷಾಸ್ನಾನ ಪಡೆದ ಆ ಯುವಕನೇ ಮುಂದೆ ಸಂತ ಪಕೋಮಿಯುಸ್ ಎನಿಸಿಕೊಂಡರು. ಅದುವರೆಗೆ ಮರುಭೂಮಿಯ ತಪಸ್ವಿಗಳು ಹೆಚ್ಚಾಗಿ ಒಂಟಿಯಾಗಿ ಬಾಳುತ್ತಿದ್ದರು. ಪಕೋಮಿಯುಸರು ಸುಮಾರು 323ರಲ್ಲಿ ತಬೆನ್ನಿಸಿ ಎಂಬಲ್ಲಿ ಆರಂಭಿಸಿದ್ದು ಕೂಡಿ ಬಾಳುವ ಮಠವನ್ನು. ಅದಕ್ಕೆ ಅವರಿಟ್ಟ ಹೆಸರು ‘ಕೊಯಿನೋನಿಯ’, ಎಂದರೆ ಅನ್ಯೋನ್ಯತೆ. ಜೆರುಸಲೇಮಿನ ಮೊದಲ ವಿಶ್ವಾಸಿಗಳ ಬಾಳ್ವೆಯನ್ನು ಕುರಿತು ಪ್ರೇಷಿತರ ಕಾರ್ಯಕಲಾಪಗಳು ಬಳಸುವ ಪದವೇ ಅದು. ಅಲ್ಲಿ ಚಾಪೆ ಹೆಣೆಯುವವರು, ರೊಟ್ಟಿ ಬೇಯಿಸುವವರು, ಅಡುಗೆಯವರು, ರೋಗಿಗಳನ್ನು ನೋಡಿಕೊಳ್ಳುವವರು, ಎಲ್ಲರೂ ಒಂದೇ ಮೇಜಿನವರು. ಯಾರಿಗೂ ತನ್ನದೆಂಬ ರೊಟ್ಟಿಯಿರಲಿಲ್ಲ. 346ರಲ್ಲಿ, ಮಠದಲ್ಲಿ ಹಬ್ಬಿದ ಪಿಡುಗಿನಲ್ಲಿ ಅನೇಕ ಸಹೋದರರೊಡನೆ ಅವರೂ ತೀರಿಕೊಂಡರು.

ಅವರ ಮಠದ ನಿಯಮಗಳನ್ನು 404ರಲ್ಲಿ ಲತೀನಿಗೆ ತಂದವರು, ನಾವು ಆರಂಭದಲ್ಲಿ ಕಂಡ ಸಂತ ಜೆರೋಮರೇ. ಆ ನಿಯಮಗಳು ಬಲು ಕಟ್ಟುನಿಟ್ಟು. ಊಟದ ಹೊತ್ತಿನಲ್ಲಿ ಮಾತಿಗೂ ಅವಕಾಶವಿಲ್ಲ. ಆದರೆ ಬಾಗಿಲ ಬಳಿ ಬಂದ ಅತಿಥಿಗಳನ್ನು ಬರಮಾಡಿಕೊಳ್ಳುವ ಬಗೆಯನ್ನು ಅವು ವಿವರವಾಗಿ ಹೇಳುತ್ತವೆ. ಸ್ತ್ರೀಯರ ವಿಷಯದಲ್ಲಿ ಬಹು ಎಚ್ಚರಿಕೆ ವಹಿಸುತ್ತಿದ್ದ ಆ ಸನ್ಯಾಸಿಗಳು ಕೂಡ, ಸಂಜೆಯ ಹೊತ್ತು ಬಾಗಿಲಿಗೆ ಬಂದ ಹೆಂಗಸರನ್ನು ಹಿಂದಕ್ಕೆ ಕಳುಹಿಸಬಾರದಾಗಿತ್ತು. ಅವರಿಗಾಗಿ ಬೇರೆ ಒಂದು ಜಾಗವನ್ನು ಸಿದ್ಧವಾಗಿ ಇಡಬೇಕಾಗಿತ್ತು.