ದಾಳಿಂಬೆಯ ಕಪ್ಪು ಚುಕ್ಕೆ: ಆ್ಯಂಟಿಬಯೋಟಿಕ್ ಹೊಡೆದರೆ ಹೋಗುತ್ತದೆಯೇ?

ದಾಳಿಂಬೆ ಹಣ್ಣಿನ ಮೇಲೆ ಕಪ್ಪು ಚುಕ್ಕೆ, ನಡುವೆ ಸೀಳು. ಇಂಥ ಫೋಟೋ ಜೊತೆಗೆ ಒಂದು ಸಂದೇಶ: ‘ಈ ಪುಡಿ ಹೊಡೆಯಿರಿ, ಮೂರೇ ದಿನದಲ್ಲಿ ರೋಗ ಮಾಯ.’ ಇನ್ನೊಂದು ಸಂದೇಶ: ‘ಚುಕ್ಕೆ ಇರುವ ದಾಳಿಂಬೆ ತಿಂದರೆ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.’ ಮೊದಲನೆಯದು ರೈತರ ಗುಂಪಿಗೆ, ಎರಡನೆಯದು ಮನೆಯವರ ಗುಂಪಿಗೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ದಾಳಿಂಬೆ ಬೆಳೆಯುವವರೂ ಇದ್ದಾರೆ, ಕೊಂಡು ತಿನ್ನುವವರೂ ಇದ್ದಾರೆ. ಹಾಗಾಗಿ ಎರಡೂ ಮಾತುಗಳನ್ನು ನಾವಿಲ್ಲಿ ಒಂದೊಂದಾಗಿ ನೋಡೋಣ.

ಇದು ಯಾವ ರೋಗ?

ಇದರ ಹೆಸರು ದುಂಡಾಣು ಅಂಗಮಾರಿ ರೋಗ. ರೈತರ ಬಾಯಲ್ಲಿ ‘ಬ್ಯಾಕ್ಟೀರಿಯಲ್ ಬ್ಲೈಟ್’. ಪಕ್ಕದ ಮಹಾರಾಷ್ಟ್ರದಲ್ಲಿ ‘ತೇಲ್ಯಾ’ ಎನ್ನುತ್ತಾರೆ, ಏಕೆಂದರೆ ಮೊದಲಿಗೆ ಎಲೆ ಮತ್ತು ಕಾಯಿಯ ಮೇಲೆ ಎಣ್ಣೆ ಹನಿ ಬಿದ್ದಂಥ ಕಲೆ ಕಾಣುತ್ತದೆ. ಆಮೇಲೆ ಕಲೆ ಕಂದು–ಕಪ್ಪಾಗುತ್ತದೆ, ಎಲೆಯಲ್ಲಿ ಅದರ ಸುತ್ತ ಹಳದಿ ಉಂಗುರ ಮೂಡುತ್ತದೆ. ಕಾಯಿಯ ಸಿಪ್ಪೆ ಸೀಳುತ್ತದೆ. ಕಾಂಡದ ಗೆಣ್ಣಿಗೆ ತಗುಲಿದರೆ ಕೊಂಬೆಯೇ ಅಲ್ಲಿಂದ ಮುರಿಯುತ್ತದೆ.

ಕಾರಣ ಜಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಪ್ರಯೋಗಾಲಯದಲ್ಲಿ ಬೆಳೆಸಿದರೆ ಹಳದಿಯಾಗಿ ಕಾಣುತ್ತದೆ. ‘ಜಾಂಥೋ’ ಎಂದರೆ ಗ್ರೀಕ್ ಭಾಷೆಯಲ್ಲಿ ಹಳದಿ ಎಂದೇ ಅರ್ಥ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. 2000ದ ದಶಕದಲ್ಲಿ ಉತ್ತರ ಕರ್ನಾಟಕದ ತೋಟಗಳಲ್ಲಿ ಇದು ಎಷ್ಟು ಜೋರಾಯಿತೆಂದರೆ, ಸಾಲ ಮಾಡಿ ದಾಳಿಂಬೆ ಹಾಕಿದ್ದ ಅನೇಕರು ಗಿಡ ಕಿತ್ತುಹಾಕಬೇಕಾಯಿತು. ‘ಮೂರೇ ದಿನದಲ್ಲಿ ಮಾಯ’ ಎಂಬ ಸಂದೇಶಕ್ಕೆ ಬೆಲೆ ಬರುವುದು ಆ ಹೆದರಿಕೆಯಿಂದಲೇ.

ಹೇಳಿಕೆ 1: ‘ಶಿಲೀಂಧ್ರನಾಶಕ ಹೊಡೆದರೆ ಸಾಕು’

ಸಾಲದು. ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್ ಮೂರೂ ಬೇರೆ ಬೇರೆ. ಬ್ಯಾಕ್ಟೀರಿಯಾ ಎಂದರೇನು ಎಂಬುದನ್ನು 1962ರಲ್ಲಿ ಸ್ಪಷ್ಟವಾಗಿ ಬರೆದವರು ರೋಜರ್ ಸ್ಟೇನಿಯರ್ ಮತ್ತು ಸಿ. ಬಿ. ವಾನ್ ನೀಲ್. ಸ್ಟೇನಿಯರ್ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಪಾಠ ಮಾಡಿದವರು. ಅವರ ಹೆಸರಿನಲ್ಲಿ ಅಲ್ಲಿ ಸ್ಮಾರಕ ಉಪನ್ಯಾಸಗಳೂ ನಡೆದಿವೆ. ಅವರು ಹೇಳಿದ ಮುಖ್ಯ ಮಾತು ಇದು: ನಮ್ಮ ಜೀವಕೋಶದಲ್ಲಿ, ಗಿಡದಲ್ಲಿ, ಶಿಲೀಂಧ್ರದಲ್ಲಿ ಪೊರೆಯೊಳಗೆ ಮುಚ್ಚಿದ ಕೋಶಕೇಂದ್ರ ಇದೆ. ಬ್ಯಾಕ್ಟೀರಿಯಾದಲ್ಲಿ ಅದಿಲ್ಲ. ವೈರಸ್ಸಂತೂ ಜೀವಕೋಶವೇ ಅಲ್ಲ.

ಇದು ಪುಸ್ತಕದ ಮಾತಷ್ಟೇ ಅಲ್ಲ, ಔಷಧಿ ಅಂಗಡಿಯ ಬಿಲ್ಲಿಗೂ ಸಂಬಂಧಿಸಿದ್ದು. ಕಾರ್ಬೆಂಡೆಜಿಮ್ ಎಂಬ ಶಿಲೀಂಧ್ರನಾಶಕ ಶಿಲೀಂಧ್ರದ ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದರ ಕೋಶ ವಿಭಜನೆ ನಿಲ್ಲಿಸುತ್ತದೆ. ಜಾಂಥೋಮೊನಾಸ್‌ನಲ್ಲಿ ಆ ಪ್ರೋಟೀನೇ ಇಲ್ಲ. ಕೀಲಿಯೇ ಇಲ್ಲದ ಬಾಗಿಲಿಗೆ ಕೀಲಿಕೈ ಹಿಡಿದು ನಿಂತಂತೆ. ನೆಗಡಿಗೆ ಆ್ಯಂಟಿಬಯೋಟಿಕ್ ಗುಳಿಗೆ ಕೆಲಸ ಮಾಡದಿರುವುದೂ ಇಂಥದೇ ಕಾರಣಕ್ಕೆ: ನೆಗಡಿ ತರುವುದು ವೈರಸ್.

ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ಕಥೆ ಬೇರೆ. ಅದರಲ್ಲಿರುವ ತಾಮ್ರ ಶಿಲೀಂಧ್ರ, ಬ್ಯಾಕ್ಟೀರಿಯಾ ಎರಡಕ್ಕೂ ತೊಂದರೆ ಕೊಡುತ್ತದೆ. ಆದರೆ ಅದು ಎಲೆಯ ಮೇಲಿನ ಕಾವಲುಗಾರ ಮಾತ್ರ. ಒಳಹೊಕ್ಕ ರೋಗವನ್ನು ಹೊರಗೆ ಎಳೆಯಲಾರದು.

ಹೇಳಿಕೆ 2: ‘ಆ್ಯಂಟಿಬಯೋಟಿಕ್ ಪುಡಿ ಹೊಡೆದರೆ ಮೂರು ದಿನದಲ್ಲಿ ವಾಸಿ’

ಸಂದೇಶಗಳಲ್ಲಿ ಹೇಳುವ ಪುಡಿ ಸಾಮಾನ್ಯವಾಗಿ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತದ್ದು. ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ. ಬೇರ್ಪಡಿಸಿದವರು ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್. ಕ್ಷಯರೋಗಕ್ಕೆ ಕೆಲಸ ಮಾಡಿದ ಮೊದಲ ಆ್ಯಂಟಿಬಯೋಟಿಕ್ ಅದೇ.

ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ನಿಜ. ಆದರೆ ಮೂರು ತೊಡಕುಗಳಿವೆ. ಒಂದು, ಸೀಳಿದ ಸಿಪ್ಪೆ, ಸತ್ತ ಕೊಂಬೆ ಯಾವ ಔಷಧಿಗೂ ಮತ್ತೆ ಕೂಡಿಕೊಳ್ಳುವುದಿಲ್ಲ. ಎರಡು, ರೋಗಾಣು ಉದುರಿದ ಎಲೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮುಂದಿನ ಮಳೆ ಹನಿ ಸಿಡಿದರೆ ಮತ್ತೆ ಗಿಡಕ್ಕೆ ಹತ್ತುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಪದೇ ಪದೇ ಹೊಡೆದಾಗ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ 1970ರ ದಶಕದ ಆರಂಭದಲ್ಲೇ ಹೀಗಾಯಿತು. ಅಲ್ಲಿನ ಬೆಂಕಿ ರೋಗದ ಬ್ಯಾಕ್ಟೀರಿಯಾಗೆ ಸ್ಟ್ರೆಪ್ಟೋಮೈಸಿನ್ ತಾಗದಂತಾಯಿತು. ಬ್ಯಾಕ್ಟೀರಿಯಾಗಳು ಈ ಶಕ್ತಿಯ ಜೀನ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲವು. ಹಾಗಾಗಿ ತೋಟದ ವಿಷಯ ತೋಟದಲ್ಲೇ ಉಳಿಯುವ ಖಾತ್ರಿಯಿಲ್ಲ.

ಇದೇ ಆತಂಕದಿಂದ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು. ಬೆಳೆಗಳಿಗೆ ಈ ಎರಡು ಆ್ಯಂಟಿಬಯೋಟಿಕ್‌ಗಳ ಬಳಕೆಯನ್ನು 2024ರ ಜನವರಿ 1ರಿಂದ ಪೂರ್ತಿ ನಿಲ್ಲಿಸುವ ಪ್ರಸ್ತಾಪ ಅದರಲ್ಲಿತ್ತು.

ಹೇಳಿಕೆ 3: ‘ಚುಕ್ಕೆ ಇರುವ ಹಣ್ಣು ತಿಂದರೆ ಕಾಯಿಲೆ’

ಈ ಜಾಂಥೋಮೊನಾಸ್ ದಾಳಿಂಬೆ ಗಿಡದ ರೋಗಾಣು. ಮನುಷ್ಯರಿಗೆ ಅಂಗಮಾರಿ ಅಂಟಿಸುವುದಿಲ್ಲ. ಚುಕ್ಕೆ ಸಿಪ್ಪೆಯ ಮೇಲಷ್ಟೇ ಇದ್ದು, ಒಳಗಿನ ಕಾಳು ಚೆನ್ನಾಗಿದ್ದರೆ ತೊಳೆದು, ಬಿಡಿಸಿ ತಿನ್ನಬಹುದು. ಹಣ್ಣು ಸೀಳಿ ಒಳಗೆ ಬೂಸ್ಟು ಬಂದಿದ್ದರೆ, ಕೊಳೆತಿದ್ದರೆ, ಹುಳಿ ವಾಸನೆ ಇದ್ದರೆ ಎಸೆಯಿರಿ. ಅದು ಸೀಳಿನಿಂದ ಒಳಹೊಕ್ಕ ಬೇರೆ ಸೂಕ್ಷ್ಮಜೀವಿಗಳ ಕೆಲಸ.

ಸುಳ್ಳು ಸಂದೇಶದಿಂದ ಆಗುವ ನಷ್ಟ ಸಣ್ಣದಲ್ಲ. ಚುಕ್ಕೆ ಹಣ್ಣಿಗೆ ಮೊದಲೇ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ‘ವಿಷ’ ಎಂಬ ಹಣೆಪಟ್ಟಿಯೂ ಬಿದ್ದರೆ ಅದನ್ನು ಕೇಳುವವರೇ ಇರುವುದಿಲ್ಲ.

ಹಾಗಾದರೆ ಮಾಡುವುದೇನು?

ಈ ಬ್ಯಾಕ್ಟೀರಿಯಾ ಎಲೆಯ ಸೂಕ್ಷ್ಮ ರಂಧ್ರಗಳಿಂದ, ಗಾಯಗಳಿಂದ ಒಳಹೋಗುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ ಮತ್ತು ತೇವ ಅದಕ್ಕೆ ಹಬ್ಬ. ಗಾಳಿ ಮಳೆ, ರೋಗದ ಸಸಿ, ಕತ್ತರಿ ಇವು ಅದರ ವಾಹನ. ದಾರಿ ತಿಳಿದರೆ ತಡೆಯೂ ತಿಳಿಯುತ್ತದೆ:

• ರೋಗವಿಲ್ಲದ ತೋಟದಿಂದಲೇ ಸಸಿ ತನ್ನಿ. ಅಗ್ಗದ ಸಸಿ ದುಬಾರಿಯಾಗಬಹುದು.
• ಜೂನ್–ಜುಲೈನ ಮೃಗ ಬಹಾರ್‌ನಲ್ಲಿ ಕಾಯಿ ಮಳೆಗೆ ಸಿಗುತ್ತದೆ, ರೋಗ ಹೆಚ್ಚು. ಸೆಪ್ಟೆಂಬರ್–ಅಕ್ಟೋಬರ್‌ನ ಹಸ್ತ ಬಹಾರ್‌ನಲ್ಲಿ ಕಾಯಿ ಬಲಿಯುವುದು ಒಣ ಹವೆಯಲ್ಲಿ, ರೋಗ ಕಡಿಮೆ.
• ಕೊಯ್ಲಾದ ಮೇಲೆ ಗಿಡಕ್ಕೆ ಮೂರು–ನಾಲ್ಕು ತಿಂಗಳು ವಿಶ್ರಾಂತಿ ಕೊಡಿ.
• ರೋಗದ ಕೊಂಬೆಯನ್ನು ಕಲೆಗಿಂತ ಎರಡು ಇಂಚು ಕೆಳಗೆ ಕತ್ತರಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ.
• ಉದುರಿದ ಎಲೆ, ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ ನಾಶಮಾಡಿ.
• ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಯಾವಾಗ ಹೊಡೆಯಬೇಕೆಂದು ತಜ್ಞರನ್ನು ಕೇಳಿ.

ಇವುಗಳಲ್ಲಿ ಒಂದನ್ನೇ ಮಾಡಿದರೆ ಸಾಲದು. ಪಕ್ಕದ ತೋಟದವರೂ ಮಾಡಿದರೆ ಮಾತ್ರ ಫಲ.

ಫಾರ್ವರ್ಡ್ ಮಾಡುವ ಮುನ್ನ

ಎಲ್ಲ ಕಪ್ಪು ಚುಕ್ಕೆಯೂ ಅಂಗಮಾರಿಯಲ್ಲ. ಶಿಲೀಂಧ್ರದಿಂದಲೂ ಚುಕ್ಕೆ ಬರುತ್ತದೆ. ಕಲೆಯಿರುವ ಎಲೆಯ ತುಣುಕನ್ನು ನೀರಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬ್ಯಾಕ್ಟೀರಿಯಾ ಇದ್ದಲ್ಲಿ ಹೊಗೆಯಂತೆ ಹೊರಗೆ ಹರಿಯುವುದು ಕಾಣುತ್ತದೆ. ಫೋಟೋ ನೋಡಿ ಇದನ್ನು ಹೇಳಲಾಗದು. ಹಾಗಾಗಿ ಎಲೆ–ಕಾಯಿ ತೆಗೆದುಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಹೋಗಿ. ಫೋನಿನಲ್ಲಿ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರ್: 1800-180-1551.

ಗುಂಪಿಗೆ ಕಳಿಸಲು ಚಿಕ್ಕದಾಗಿ: ಅಂಗಮಾರಿ ಬ್ಯಾಕ್ಟೀರಿಯಾದ ರೋಗ. ಮೂರು ದಿನದ ಮದ್ದು ಇಲ್ಲ. ಒಳಗಿನ ಕಾಳು ಚೆನ್ನಾಗಿದ್ದರೆ ಹಣ್ಣು ತಿನ್ನಬಹುದು. ಆ್ಯಂಟಿಬಯೋಟಿಕ್ ಅನ್ನು ಮನುಷ್ಯರ ಕಾಯಿಲೆಗೆ ಉಳಿಸಿಕೊಳ್ಳೋಣ.