ಕುಗ್ಗುವ ಕಲ್ಲಿದ್ದಲು, ಹಿಗ್ಗುವ ಸೀಳು

ಮೇವರ್ ಮತ್ತು ವಾನ್ ಎಂಬ ಎಂಜಿನಿಯರುಗಳು 1998ರಲ್ಲಿ ಪ್ರಕಟಿಸಿದ ಪ್ರಬಂಧದ ಒಂದು ಅಂಕಿ ನನ್ನನ್ನು ಹಳೆಯ ದಾಖಲೆಗಳ ಬೆನ್ನು ಹತ್ತಿಸಿತು. ಅಮೆರಿಕದ ನ್ಯೂ ಮೆಕ್ಸಿಕೊ, ಕೊಲೊರಾಡೊ ರಾಜ್ಯಗಳಿಗೆ ಹರಡಿದ ಸ್ಯಾನ್ ವಾನ್ ಪ್ರದೇಶದಲ್ಲಿ ಫ್ರೂಟ್‌ಲ್ಯಾಂಡ್ ಕಲ್ಲಿದ್ದಲ ಪದರಗಳಿಂದ ಮೀಥೇನ್ ತೆಗೆಯುತ್ತಾರೆ. ಅಲ್ಲಿನ ಕೆಲವು ಬಾವಿಗಳಲ್ಲಿ, ಅನಿಲ ತೆಗೆಯುತ್ತ ಹೋದಂತೆ ಪದರದ ಪಾರಗಮ್ಯತೆ, ಅಂದರೆ ಹರಿವಿಗೆ ಎಡೆಕೊಡುವ ಗುಣ, 2.7ರಿಂದ 7.1 ಪಟ್ಟು ಹೆಚ್ಚಿತ್ತು.

ಬಂಡೆಗಳ ಸಾಮಾನ್ಯ ಲೆಕ್ಕಕ್ಕೆ ಇದು ತಿರುಗುಮುರುಗು. ಕಲ್ಲಿದ್ದಲಿನಲ್ಲಿ ಅನಿಲ ಹರಿಯುವುದು ಕ್ಲೀಟ್ ಎಂಬ ಸಣ್ಣ ಸೀಳುಗಳಲ್ಲಿ. ಒಳಗಿನ ಅನಿಲದ ಒತ್ತಡ ಇಳಿದರೆ ಮೇಲಿನ ಬಂಡೆಗಳ ಭಾರಕ್ಕೆ ಎದುರು ನಿಲ್ಲುವ ಬಲ ತಗ್ಗುತ್ತದೆ, ಸೀಳು ಮುಚ್ಚಿಕೊಳ್ಳಬೇಕು. 1975ರಲ್ಲಿ ಸೋಮರ್ಟನ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಕಂಡದ್ದೂ ಅದನ್ನೇ: ಅದುಮಿದಷ್ಟೂ ಪಾರಗಮ್ಯತೆ ಕುಸಿಯಿತು. ಆದರೆ ಅವರ ಫಲಿತಾಂಶದಲ್ಲಿ ಇನ್ನೊಂದು ಸುಳಿವಿದೆ. ನೈಟ್ರೋಜನ್ ಹರಿದಷ್ಟು ಸಲೀಸಾಗಿ ಮೀಥೇನ್ ಹರಿಯಲಿಲ್ಲ. ಹಾಗಾದರೆ ಅನಿಲವೇ ಕಲ್ಲಿದ್ದಲನ್ನು ಏನೋ ಮಾಡುತ್ತಿರಬೇಕಲ್ಲವೇ?

ಉತ್ತರ ಅದಕ್ಕೂ ನಾಲ್ಕು ದಶಕ ಹಿಂದೆಯೇ ಅಚ್ಚಾಗಿತ್ತು. ಎಡಿನ್‌ಬರೋ ರಾಯಲ್ ಸೊಸೈಟಿಯ 1933ರ ನಡಾವಳಿಯಲ್ಲಿ ಬ್ರಿಗ್ಸ್ ಮತ್ತು ಸಿನ್ಹಾ ಬರೆದ ಪುಟ್ಟ ಲೇಖನವಿದೆ. ಅನಿಲ ಹೀರಿದ ಕಲ್ಲಿದ್ದಲು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ ಎಂಬುದು ಅದರ ತಿರುಳು. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಂಡು, ಬೇಸಗೆಯಲ್ಲಿ ಮತ್ತೆ ಸಡಿಲವಾಗುವುದನ್ನು ನೆನೆದರೆ ಸಾಕು. ಗಣಿಯವರ ಅರಿವು ಒಂದು ಕಪಾಟಿನಲ್ಲಿ, ತೈಲ ಎಂಜಿನಿಯರುಗಳ ಅರಿವು ಇನ್ನೊಂದರಲ್ಲಿ ಉಳಿದದ್ದೇ ಇಷ್ಟು ತಡಕ್ಕೆ ಕಾರಣವೆಂದು ನನಗೆ ಅನಿಸುತ್ತದೆ. ಎರಡನ್ನೂ ಒಂದೇ ಸಮೀಕರಣಕ್ಕೆ ತಂದದ್ದು 1987ರ ಇಯಾನ್ ಗ್ರೇ ಅವರ ಪ್ರಬಂಧ.

ಕುಗ್ಗುವುದು ಶೇಕಡಾ 1ಕ್ಕೂ ಕಡಿಮೆ. ಅಷ್ಟರಿಂದ ಏನಾದೀತು ಎಂದುಕೊಳ್ಳುವ ಹಾಗಿಲ್ಲ, ಏಕೆಂದರೆ ಸೀಳುಗಳ ಒಟ್ಟು ಜಾಗವೂ ಹೆಚ್ಚುಕಡಿಮೆ ಅಷ್ಟೇ. ಪಾರಗಮ್ಯತೆ ಆ ಜಾಗದ ಘನವನ್ನು ಅನುಸರಿಸುತ್ತದೆ. ಜಾಗ ಎರಡು ಪಟ್ಟಾದರೆ ಹರಿವು ಎಂಟು ಪಟ್ಟು!

ಸೀಳನ್ನು ಮುಚ್ಚುವ ಬಂಡೆಯ ಭಾರ, ತೆರೆಯುವ ಕುಗ್ಗುವಿಕೆ: ಈ ಎಳೆದಾಟದಲ್ಲಿ ಗೆಲ್ಲುವವರು ಯಾರು? 1996ರಲ್ಲಿ ಪಾಮರ್ ಮತ್ತು ಮನ್ಸೂರಿ ಮಂಡಿಸಿದ ಮಾದರಿಯನ್ನು ನಾನು ಮತ್ತೆ ಮತ್ತೆ ಓದಿದ್ದು ಇದಕ್ಕಾಗಿಯೇ. ನೆಲದಡಿಯ ಪದರ ಅಕ್ಕಪಕ್ಕಕ್ಕೆ ಸರಿಯಲಾರದು ಎಂದು ಅವರು ಹಿಡಿದರು. ಹಾಗಿದ್ದರೆ ಕಲ್ಲಿದ್ದಲು ಕುಗ್ಗಿ ಬಿಟ್ಟುಕೊಟ್ಟ ಜಾಗ ಸೀಳಿನ ಪಾಲಾಗುತ್ತದೆ. ಮೊದಮೊದಲು ಬಂಡೆಯ ಭಾರದ ಕೈ ಮೇಲು, ಪಾರಗಮ್ಯತೆ ಇಳಿಯಬಹುದು. ಒತ್ತಡ ತೀರ ತಗ್ಗಿದ ಮೇಲೆ, ಕಲ್ಲಿದ್ದಲು ಗಡುಸಾಗಿದ್ದು ಚೆನ್ನಾಗಿ ಕುಗ್ಗುವಂಥದ್ದಾದರೆ, ಪಾರಗಮ್ಯತೆ ಮತ್ತೆ ಏರುತ್ತದೆ. ಈ ಮರುಏರಿಕೆ ಕೊನೆಯ ಹಂತದಲ್ಲೇ ಏಕೆ ಎಂಬುದಕ್ಕೆ ಯಾವ ಒತ್ತಡದಲ್ಲಿ ಎಷ್ಟು ಅನಿಲ ಅಂಟಿಕೊಂಡಿರುತ್ತದೆ ಎಂದು ತೋರಿಸುವ 1918ರ ಲ್ಯಾಂಗ್‌ಮ್ಯೂರ್ ರೇಖೆಯನ್ನು ನೋಡಬೇಕು. ಹೆಚ್ಚಿನ ಒತ್ತಡದಲ್ಲಿ ಅದು ಚಪ್ಪಟೆ, ಕಡಿಮೆ ಒತ್ತಡದಲ್ಲಿ ಕಡಿದು. ಅಂಟಿಕೊಂಡ ಅನಿಲದ ದೊಡ್ಡ ಪಾಲು ಕಲ್ಲಿದ್ದಲನ್ನು ಬಿಡುವುದು ಕೊನೆಗೇ.

ಇದೇ ತರ್ಕವನ್ನು ತಿರುಗಿಸಿ ನೋಡಿದ ಪರೀಕ್ಷೆಯೂ ಸ್ಯಾನ್ ವಾನ್‌ನಲ್ಲೇ ನಡೆಯಿತು. 1995ರಿಂದ ಆಲಿಸನ್ ಘಟಕದಲ್ಲಿ ಕಲ್ಲಿದ್ದಲ ಪದರಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿದರು. ಕಲ್ಲಿದ್ದಲು ಅದನ್ನು ಮೀಥೇನಿಗಿಂತ ಹೆಚ್ಚು ಹೀರಿ ಹೆಚ್ಚು ಉಬ್ಬುತ್ತದೆ. ತುಂಬುವ ಬಾವಿಗಳ ಸುತ್ತ ಸೀಳುಗಳು ಬಿಗಿದುಕೊಂಡವು, ಒಳಗೆ ಹೋಗುವ ಅನಿಲದ ಪ್ರಮಾಣ ಇಳಿಯಿತು.